ಡಾಂಬರ್ ಮ್ಯಾಲ ನಡಸಿ ನೋಡು

ನಮ್ಮ ಮನೆತನ ಮೂರು ತಾಲೂಕಿನಲ್ಲಿ ಹರಡಿಕೊಂಡಿದೆ. ಮಾಸ್ತರಿಕೆ ಮುಗಿಸಿ ಗೋಕಾಕದಲ್ಲಿ ಕೂತವನು ನಾನು. ಮೂಡಲಗಿ ಹತ್ತಿರದ ಹಳ್ಳಿಯಲ್ಲಿ, ಹೊಲ ಬಿಟ್ಟು ಬರಲೊಲ್ಲದವರು ನಮ್ಮ ಕಾಕಾ. ಅಕ್ಕನನ್ನು ಕೊಟ್ಟದ್ದು ಹುಕ್ಕೇರಿಗೆ. ಮೂಡಲಗಿ ಬೇರೆ ತಾಲೂಕಾಗುವ ತನಕ ಕಾಕಾನೂ ನಾನೂ ಒಂದೇ ತಾಲೂಕಿನವರಾಗಿದ್ದೆವು. ಈಗ ಉತಾರ ತೆಗೆಸಬೇಕೆಂದರೆ ಅವರದೊಂದು ಕಚೇರಿ, ನನ್ನದೊಂದು ಕಚೇರಿ. ಇದು ಸಾಲದೆಂಬಂತೆ ಈಚೆಗೆ ನಮ್ಮ ಮನೆತನಕ್ಕೆ ನಾಲ್ಕನೆಯ ತಾಲೂಕೊಂದು ಸೇರಿದೆ. ಅದರ ಹೆಸರು ಡಲ್ಲಾಸ್. ಅಕ್ಕನ ಮಗ ಅಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ.

2024ರ ಆಗಸ್ಟ್ ಕೊನೆಯ ವಾರ. ಶ್ರಾವಣದ ಮಳೆ ಹಿಡಿದಿತ್ತು, ಘಟಪ್ರಭೆ ಕೆಂಪಗಾಗಿ ಹರಿಯುತ್ತಿದ್ದಳು, ಫಾಲ್ಸ್ ನೋಡಲು ಬಂದವರ ಗಾಡಿಗಳಿಂದ ರಸ್ತೆ ತುಂಬಿತ್ತು. ಮುಂಜಾನೆ ಚಹಾ ಕುಡಿಯುತ್ತ ಮೊಬೈಲ್ ತೆರೆದರೆ ಅಳಿಯನಿಂದ ನಾಲ್ಕು ಫೋಟೋ, ಕೆಳಗೆ ಒಂದು ಸಾಲು: ‘ಮಾಮಾ, ಇವನ್ನ ಅಜ್ಜಾರಿಗೆ ತೋರಸ್ರಿ. ಈ ವರ್ಷ ಯಾವುದು ಚಲೋ ಓಡತೈತಿ ಅಂತ ಕೇಳ್ರಿ. ಐತವಾರದೊಳಗ ಹೇಳ್ರಿ, ಭಾಳ ಅರ್ಜಂಟ್ ಐತಿ.’

ಎತ್ತುಗಳಿರಬೇಕೆಂದುಕೊಂಡು ಫೋಟೋ ದೊಡ್ಡದು ಮಾಡಿದೆ. ಎತ್ತಲ್ಲ, ಮನುಷ್ಯರು. ತಲೆಗೆ ಹೆಲ್ಮೆಟ್, ಹೆಗಲಿಗೆ ದಿಂಬು ಕಟ್ಟಿಕೊಂಡ ನಾಲ್ವರು ದಾಂಡಿಗರು, ಕಂಕುಳಲ್ಲಿ ಕುಂಬಳಕಾಯಿಯಂಥ ಚೆಂಡು ಅವುಚಿಕೊಂಡು ಓಡುತ್ತಿದ್ದರು.

ಈ ಅಳಿಯ ಚಿಕ್ಕವನಿದ್ದಾಗ ಬೇಸಿಗೆ ರಜೆ ಬಂತೆಂದರೆ ಹುಕ್ಕೇರಿ ಬಿಟ್ಟು ಕಾಕಾರ ಬೆನ್ನು ಹತ್ತುತ್ತಿದ್ದ. ಮೂಡಲಗಿಯ ದನದ ಸಂತೆಯಲ್ಲಿ ಅವರ ಧೋತರದ ಚುಂಗು ಹಿಡಿದು ತಿರುಗಿದವನು. ಕಾಕಾ ಒಂದು ಎತ್ತಿನ ಸುತ್ತ ಮೂರು ಸುತ್ತು ಹಾಕಿ, ಮಾತಾಡದೆ ಮುಂದೆ ಹೋದರೆ ದಲ್ಲಾಳಿಯ ಮುಖ ಬಾಡುವುದನ್ನು ಕಂಡವನು. ಆ ನಂಬಿಕೆ ಡಲ್ಲಾಸಿಗೆ ಹೋದಮೇಲೂ ಹೋಗಿಲ್ಲ.

ಫೋನ್ ಮಾಡಿ ಇದೇನು ವಿಷಯವೆಂದು ಕೇಳಿದೆ. ಅರ್ಧ ತಾಸು ಬಿಡಿಸಿ ಹೇಳಿದ. ಅದನ್ನು ಫ್ಯಾಂಟಸಿ ಫುಟ್‌ಬಾಲ್ ಅನ್ನುತ್ತಾರಂತೆ. ಆಫೀಸಿನ ಹನ್ನೆರಡು ಮಂದಿ ಸೇರಿ ಒಂದು ದಿನ ಕೂತು, ಇಡೀ ಅಮೆರಿಕದ ಆಟಗಾರರನ್ನು ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತಾರೆ. ಹಂಚಿಕೆಯೆಲ್ಲ ಕಾಗದದ ಮೇಲೆ. ಆಮೇಲೆ ಸೆಪ್ಟೆಂಬರಿನಿಂದ ನಿಜವಾದ ಪಂದ್ಯಗಳು ನಡೆದಾಗ ತನ್ನ ಪಾಲಿನ ಆಟಗಾರ ಚೆಂಡು ಹಿಡಿದು ಹತ್ತು ಗಜ ಓಡಿದರೆ ಒಂದು ಅಂಕ, ಗೆರೆ ದಾಟಿದರೆ ಆರು. ಚೆಂಡು ಹಿಡಿದು ಗುಂಪಿನೊಳಗೆ ನುಗ್ಗುವ ಈ ಓಟಗಾರನಿಗೆ ರನ್ನಿಂಗ್ ಬ್ಯಾಕ್ ಎಂದು ಹೆಸರು. ಎದುರಿನ ಹನ್ನೊಂದು ಮಂದಿಗೂ ಅವನನ್ನು ನೆಲಕ್ಕೆ ಕೆಡವುವುದೇ ಕೆಲಸ. ನಮ್ಮ ಹುತುತುವಿನಲ್ಲಿ ರೇಡಿಗೆ ಹೋದವನ ಹಾಗೆ, ಆದರೆ ಉಸಿರು ಬಿಡಬಹುದು.

ಚೀಟಿ ಎತ್ತಿದಾಗ ಅಳಿಯನಿಗೆ ಒಂದನೆಯ ನಂಬರು ಬಂದಿತ್ತು. ಊರ ಸಂತೆಯಲ್ಲಿ ಮೊದಲು ಆರಿಸುವ ಹಕ್ಕು. ಅದಕ್ಕೇ ಅವನ ನಿದ್ದೆ ಹಾರಿಹೋಗಿತ್ತು.

ಕರದಂಟಿನ ಪೊಟ್ಟಣ ಕಟ್ಟಿಸಿಕೊಂಡು ಮೂಡಲಗಿ ಬಸ್ಸು ಹತ್ತಿದೆ. ಕಾಕಾರಿಗೆ ಗೋಕಾಕದ ಕರದಂಟೆಂದರೆ ಪ್ರಾಣ. ಈಗ ಬಾಯಲ್ಲಿ ಉಳಿದ ಹಲ್ಲು ನಾಲ್ಕೇ. ಒಂದು ತುಂಡನ್ನು ದವಡೆಯಲ್ಲಿಟ್ಟು ಬೆಲ್ಲ ಕರಗಿ, ಅಂಟು ಮೆತ್ತಗಾಗಿ, ಒಳಗಿನ ಗೋಡಂಬಿ ಸಿಗುವ ತನಕ ಕಾಯುತ್ತಾರೆ. ‘ನಾಕ್ ಹಲ್ಲಿನ ಎತ್ತಿಗೆ ಸಂತ್ಯಾಗ ರೇಟ್ ಐತಿ ತಮ್ಮಾ, ನಾಕ್ ಹಲ್ಲಿನ ಮುದುಕಗ ಇಲ್ಲ’ ಎನ್ನುವುದು ಅವರದೇ ಮಾತು.

ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು. ಆಮೇಲೆ ಕೇಳಿದರು: ‘ಎತ್ತು ಇವಂದಲ್ಲ. ಮೇವು ಹಾಕಾಂವ ಇವಲ್ಲ. ಹೊಲಾನೂ ಇವಂದಲ್ಲ. ಆದ್ರ ಎತ್ತು ಕುಂಟಿದ್ರ ನಿದ್ದಿಗೆಡಾಂವ ಇವ. ಹೌದಿಲ್ಲೋ?’

ಹೌದೆಂದೆ.

‘ರೊಕ್ಕ ಕಟ್ಟ್ಯಾನೇನು?’

ಊಟದ ಖರ್ಚಿನಷ್ಟು, ಗೆಳೆಯರ ನಡುವೆ ಎಂದೆ. ಕಾಕಾರ ಸಂಶಯಕ್ಕೆ ಕಾರಣವಿತ್ತು. ನಮ್ಮ ಹಳ್ಳಿ ಹುಡುಗರೂ ಮೊಬೈಲಿನಲ್ಲಿ ಕ್ರಿಕೆಟ್ಟು, ಕಬಡ್ಡಿ ತಂಡ ಕಟ್ಟಿ ಕೈ ಸುಟ್ಟುಕೊಂಡವರೇ. ರಾಜ್ಯ ಸರ್ಕಾರ 2021ರಲ್ಲಿ ಕಾನೂನು ತಂದು ತಡೆಯಿತು. 2022ರ ಫೆಬ್ರವರಿ 14ರಂದು ಹೈಕೋರ್ಟು ಅದರ ಮುಖ್ಯ ಕಲಮುಗಳನ್ನು ರದ್ದು ಮಾಡಿತು. ಕೊನೆಗೆ 2025ರ ಆಗಸ್ಟಿನಲ್ಲಿ ಕೇಂದ್ರವೇ ಕಾನೂನು ಮಾಡಿ ಹಣ ಕಟ್ಟುವ ಆಟಗಳ ಬಾಗಿಲು ಹಾಕಿತು. ನಾನು ಹೇಳುತ್ತಿರುವುದು ಅದಕ್ಕಿಂತ ಒಂದು ವರ್ಷ ಹಿಂದಿನ ಮಾತು.

ಇಲ್ಲದ ಎತ್ತಿಗೆ ಯಾಕಿಷ್ಟು ಕಾಳಜಿ ಎಂಬ ಕಾಕಾರ ಪ್ರಶ್ನೆಗೆ ಉತ್ತರ ಅವರ ಮನೆಯ ಮಾಡದಲ್ಲೇ ಇತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡಿದ ಜೋಡಿ ಎತ್ತು, ಒಂದರ ಕೋಡು ಮುರಿದದ್ದು, ಇನ್ನೂ ಅಲ್ಲೇ ಕೂತಿದ್ದವು. ಹೊಲವಿಲ್ಲದವರೂ, ದನವಿಲ್ಲದವರೂ ಆ ದಿನ ಹುತ್ತದ ಮಣ್ಣೋ ಕೆರೆಯ ಮಣ್ಣೋ ತಂದು ಎತ್ತು ಮಾಡಿ, ಕೋಡಿಗೆ ಬಣ್ಣ ಹಚ್ಚಿ, ಹೋಳಿಗೆ ಎಡೆ ಹಿಡಿಯುತ್ತಾರಲ್ಲ, ಅದು ಫ್ಯಾಂಟಸಿಯಲ್ಲದೆ ಮತ್ತೇನು? ಅದಕ್ಕೂ ಹದಿನೈದು ದಿನ ಮುಂಚೆ ಕಾರಹುಣ್ಣಿಮೆ. ಆವತ್ತು ಕರಿ ಹರಿಯಲು ಎತ್ತು ಓಡಿಸುತ್ತಾರೆ. ಬಿಳಿ ಎತ್ತು ಮುಂದೆ ಬಂದರೆ ಬಿಳಿಜೋಳದ ಹಿಂಗಾರಿ ಚಲೋ, ಕೆಂದ ಎತ್ತು ಬಂದರೆ ಮುಂಗಾರಿ ಚಲೋ ಎಂದು ಊರೆಲ್ಲ ಲೆಕ್ಕ ಹಾಕುತ್ತದೆ. ಓಡುವುದು ಯಾರದೋ ಎತ್ತು, ಲಾಭನಷ್ಟ ಎಲ್ಲರ ತಲೆಯಲ್ಲಿ. ಅಮೆರಿಕದವರು ಇದನ್ನು 1962ರಲ್ಲಿ ಕಂಡುಹಿಡಿದರಂತೆ. ಓಕ್‌ಲ್ಯಾಂಡ್ ತಂಡದಲ್ಲಿ ಪಾಲಿದ್ದ ಬಿಲ್ ವಿಂಕೆನ್‌ಬಾಕ್ ಎಂಬವರು ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಸ್ನೇಹಿತರೊಂದಿಗೆ ಕೂತು ನಿಯಮ ಬರೆದರು. ಮರುವರ್ಷ ಎಂಟು ತಂಡದವರು ಸೇರಿ ಮೊದಲ ಹಂಚಿಕೆ ಮಾಡಿದರು. ನಮ್ಮ ಕಾರಹುಣ್ಣಿಮೆಗೆ ನಿಯಮ ಬರೆದವರು ಯಾರೂ ಇಲ್ಲವಾದ್ದರಿಂದ ಅವರಿಗೆ ಆ ಹೆಸರು ಬಂತು, ಅಷ್ಟೇ.

ಹಂಚಿಕೆಯ ಕ್ರಮ ಹೇಳುವಾಗ ನಾನು ತಡವರಿಸಿದೆ. ಮೊದಲ ಸುತ್ತಿನಲ್ಲಿ ಒಂದರಿಂದ ಹನ್ನೆರಡು, ಎರಡನೆಯ ಸುತ್ತಿನಲ್ಲಿ ಹನ್ನೆರಡರಿಂದ ಒಂದು. ಅಂದರೆ ಮೊದಲು ಆರಿಸಿದವನು ಮತ್ತೆ ಆರಿಸುವುದು ಇಪ್ಪತ್ತನಾಲ್ಕನೆಯವನಾಗಿ, ಅದರ ಬೆನ್ನಿಗೇ ಇಪ್ಪತ್ತೈದನೆಯದೂ ಅವನದೇ. ಅಲ್ಲಿ ಇದನ್ನು ಹಾವಿಗೆ ಹೋಲಿಸುತ್ತಾರೆ. ಕಾಕಾ ಅರ್ಧಕ್ಕೇ ತಡೆದರು. ‘ಎಡಿ ಹೊಡಿಯೂದು ಹಂಗಲ್ಲೇನೋ? ಬದಿನ್ಯಾಗ ಹೋಗಿ ಅಲ್ಲೇ ಹೊಳ್ಳಿ ಬರತೀವಿ. ಇದರಾಗ ಹಾವ ಎಲ್ಲಿ ಬಂತು?’

ಇನ್ನು ಮಾಲು ನೋಡುವುದು.

ಇಲ್ಲಿ ಕಾಕಾ ಎತ್ತು ನೋಡುವ ಬಗೆಯನ್ನು ಸ್ವಲ್ಪ ಹೇಳಬೇಕು. ಮೊದಲು ದೂರದಿಂದ ನೋಡುತ್ತಾರೆ, ಮಾರುವವನಿಗೆ ಗೊತ್ತಾಗದ ಹಾಗೆ. ಎತ್ತು ಮೆಲುಕು ಹಾಕುತ್ತದೆಯೋ, ನಿಂತಲ್ಲಿ ಕಾಲು ಬದಲಿಸುತ್ತದೆಯೋ. ಹಿಂದೆ ಬಿದ್ದ ಸಗಣಿ ನೋಡುತ್ತಾರೆ. ಆಮೇಲೆ ಹತ್ತಿರ ಬಂದು ಬಾಯಿ ಬಿಡಿಸುತ್ತಾರೆ. ಎರಡು ಹಲ್ಲೆಂದರೆ ಎರಡು-ಎರಡೂವರೆ ವರ್ಷ, ನಾಲ್ಕೆಂದರೆ ಮೂರರ ಆಚೆ, ಆರೆಂದರೆ ನಾಲ್ಕರ ಸುಮಾರು, ಎಂಟೂ ಬಂದರೆ ಬಾಯಿ ಗೂಡಿತು. ಅಲ್ಲಿಂದ ಮುಂದೆ ವಯಸ್ಸು ಹೇಳುವುದು ಎತ್ತಲ್ಲ, ದಲ್ಲಾಳಿ. ಗೊರಸು ಕೂಡಿರಬೇಕು, ಅಗಲ ಬಾಯಿಬಿಟ್ಟಿರಬಾರದು. ಬಾಲ ಸಣ್ಣಗಿರಬೇಕು. ಸುಳಿ ಎಲ್ಲಿದೆ ನೋಡಬೇಕು. ಸುಳಿಯ ಶಾಸ್ತ್ರದಲ್ಲಿ ನನಗೆ ನಂಬಿಕೆಯಿಲ್ಲ, ಕಾಕಾರಿಗೂ ಇಲ್ಲ, ಆದರೆ ನಾಳೆ ಮಾರಲು ಹೋದರೆ ಕೊಳ್ಳುವವನಿಗೆ ಇರುತ್ತದಲ್ಲ. ಎಲ್ಲಕ್ಕಿಂತ ಮುಖ್ಯ ಹೆಗಲು. ನೊಗ ಕೂತ ಜಾಗದ ಜಡ್ಡನ್ನು ಹೆಬ್ಬೆರಳಿನಿಂದ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಾರೆ. ಹಲ್ಲು ಸುಳ್ಳು ಹೇಳಬಹುದು, ಹೆಗಲು ಹೇಳುವುದಿಲ್ಲ. ಎಷ್ಟು ಹಂಗಾಮು ದುಡಿದಿದೆ, ಯಾವ ಕಡೆ ಹೂಡಿದ್ದರು, ಹುಣ್ಣಾಗಿ ಮಾಯ್ದಿದೆಯೇ, ಎಲ್ಲ ಅಲ್ಲಿ ಬರೆದಿರುತ್ತದೆ.

ಕೊನೆಯದು ನಡಿಗೆ. ಸಂತೆಯ ಹುಡಿಮಣ್ಣಿನಲ್ಲಿ ಎಲ್ಲ ಎತ್ತೂ ಚೆನ್ನಾಗಿಯೇ ನಡೆಯುತ್ತವೆ. ಕಾಕಾ ಒಪ್ಪುವುದಿಲ್ಲ. ‘ಡಾಂಬರ್ ಮ್ಯಾಲ ನಡಸಿ ನೋಡು’ ಅನ್ನುತ್ತಾರೆ. ಗೊರಸು ಗಟ್ಟಿ ನೆಲಕ್ಕೆ ಬಿದ್ದಾಗ ನಾಲ್ಕು ಸಪ್ಪಳ ಒಂದೇ ಸಮ ಬರಬೇಕು. ಮೂರು ದೊಡ್ಡದು, ಒಂದು ಸಣ್ಣದು ಬಂತೋ, ಟಾವೆಲ್ ಹೆಗಲಿಗೆ ಹಾಕಿಕೊಂಡು ಹೊರಟೇಬಿಡುತ್ತಾರೆ.

ಟಾವೆಲ್ ಎಂದಾಗ ನೆನಪಾಯಿತು. ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ಒಮ್ಮೆ ಅವರು ದಲ್ಲಾಳಿಯ ಟಾವೆಲ್ಲಿನ ಕೆಳಗೆ ನನ್ನ ಕೈ ಇಡಿಸಿದ್ದರು. ಒಂದು ಬೆರಳೆಂದರೆ ನೂರೋ ಸಾವಿರವೋ ಎಂಬುದು ಮೊದಲೇ ಬಾಯಲ್ಲಿ ಆಗಿರುತ್ತದೆ, ಆಮೇಲೆ ಬಾಯಿ ಮುಚ್ಚಿ ಬೆರಳುಗಳ ವ್ಯಾಪಾರ. ತಂಬಾಕಿನ ವಾಸನೆಯ ಆ ಕೈ ನನ್ನ ಮೂರು ಬೆರಳನ್ನು ಹಿಡಿದು ಒತ್ತಿತು. ನನಗೆ ಕಚಗುಳಿಯಾಗಿ ನಕ್ಕುಬಿಟ್ಟೆ. ನಕ್ಕದ್ದು ಒಪ್ಪಿಗೆ ಎಂದು ತಿಳಿದ ದಲ್ಲಾಳಿ ಅಲ್ಲೇ ಹಗ್ಗ ಕೈಗಿಟ್ಟ. ಆ ಎತ್ತು ಮನೆಗೆ ಬಂದು ಮೊದಲ ದಿನವೇ ಹೊಲದ ನಟ್ಟನಡುವೆ ಮಲಗಿತು. ಎಬ್ಬಿಸಿದರೆ ಏಳುವುದು, ಬಾರುಕೋಲು ಕೆಳಗಿಟ್ಟರೆ ಮತ್ತೆ ಮಲಗುವುದು. ಹಲ್ಲು, ಗೊರಸು, ಬಾಲ, ಸುಳಿ ಎಲ್ಲ ಸರಿಯಾಗಿದ್ದವು. ಮೈಗಳ್ಳತನ ನೋಡಲು ಮೈಯಲ್ಲಿ ಯಾವ ಜಾಗವನ್ನೂ ದೇವರು ಇಟ್ಟಿಲ್ಲ. ನಾನು ಮಾಸ್ತರನಾದದ್ದು ಆ ಎತ್ತಿನ ದೆಸೆಯಿಂದ ಎಂದು ಕಾಕಾ ಈಗಲೂ ಹೇಳುತ್ತಾರೆ.

ಅಮೆರಿಕದಲ್ಲೂ ಇಂಥ ಸಂತೆಯಿದೆ. ಕಾಲೇಜು ಮುಗಿಸಿದ ಆಟಗಾರರನ್ನು ಇಂಡಿಯಾನಾಪೊಲಿಸ್ ಊರಿಗೆ ಕರೆಸಿ, ಚಡ್ಡಿಯಲ್ಲಿ ನಿಲ್ಲಿಸಿ, ಎತ್ತರ, ತೂಕ, ಅಂಗೈಯ ಅಳತೆ ತೆಗೆದುಕೊಂಡು, ನಲವತ್ತು ಗಜ ಓಡಿಸುತ್ತಾರೆ. ‘ಬಾಯಿ ಬಿಡಸೂದಿಲ್ಲೇನು?’ ಎಂದು ಕೇಳಿದರು ಕಾಕಾ. ಇಲ್ಲವೆಂದೆ. ಅವರಿಗೆ ಆ ಸಂತೆಯ ಮೇಲೆ ಅಲ್ಲಿಗೇ ಗೌರವ ಹೋಯಿತು.

ನಾನು ಒಂದೊಂದೇ ಫೋಟೋ ತೋರಿಸುತ್ತ, ಅಳಿಯ ಕಳಿಸಿದ ಅಂಕಿ ಓದುತ್ತ ಹೋದೆ.

ಮೊದಲನೆಯವನು ಕ್ರಿಶ್ಚಿಯನ್ ಮೆಕ್‌ಕ್ಯಾಫ್ರಿ, ಸ್ಯಾನ್ ಫ್ರಾನ್ಸಿಸ್ಕೋ ತಂಡದವನು. ವಯಸ್ಸು 28. ಹಿಂದಿನ ಹಂಗಾಮಿನಲ್ಲಿ ಚೆಂಡು ಹೊತ್ತು 1,459 ಗಜ, ಹಿಡಿದು 564 ಗಜ. ಕೂಡಿಸಿದರೆ 2023ನೇ ಇಸವಿಗೆ ಸರಿಯಾಗಿ 2,023 ಗಜ. ಇಪ್ಪತ್ತೊಂದು ಸಲ ಗೆರೆ ದಾಟಿದ್ದ. ಅಮೆರಿಕದ ಪಂಡಿತರೆಲ್ಲ ಅವನೇ ಒಂದನೆಯವನು ಎನ್ನುತ್ತಿದ್ದರು. ವರ್ಷಕ್ಕೆ ಒಂದು ಕೋಟಿ ತೊಂಬತ್ತು ಲಕ್ಷ ಡಾಲರಿನ ಕರಾರು, ಅಂದರೆ ಆಗಿನ ಲೆಕ್ಕದಲ್ಲಿ ನೂರೈವತ್ತು ಕೋಟಿ ರೂಪಾಯಿಗೂ ಮೇಲೆ.

ಕಾಕಾ ಬೆರಳು ಮಡಿಚಿದರು. ‘ಎರಡ ಸಾವಿರ ಗಜ ಅಂದ್ರ ಎಷ್ಟಾತು?’

ಒಂದು ಕಿಲೋಮೀಟರು 850 ಮೀಟರು ಎಂದೆ.

‘ಇಡೀ ವರ್ಷಕ್ಕ?’

ಇಡೀ ವರ್ಷಕ್ಕೆ.

ಅವರು ಸುಮ್ಮನೆ ಗೋದಲಿಯ ಕಡೆ ನೋಡಿದರು. ನಾನು ಮಾಸ್ತರ ಬುದ್ಧಿಯಿಂದ ಅಲ್ಲೇ ಲೆಕ್ಕ ಮಾಡಿದೆ. ಒಂದಡಿಗೆ ಒಂದು ಸಾಲಿನಂತೆ ಎಕರೆ ಹೊಲ ಹೊಡೆದರೆ ಎತ್ತು ನಡೆಯುವುದು 43,560 ಅಡಿ, ಹದಿಮೂರು ಕಿಲೋಮೀಟರಿಗೂ ಮೇಲೆ. ಅಂದರೆ ಕಾಕಾರ ಎತ್ತು ಆರು ಗುಂಟೆ ಮುಗಿಸುವಷ್ಟರಲ್ಲಿ ಮೆಕ್‌ಕ್ಯಾಫ್ರಿಯ ವರ್ಷ ಮುಗಿದಿರುತ್ತದೆ. ಆದರೆ ನ್ಯಾಯವಾಗಿ ಹೇಳಬೇಕೆಂದರೆ, ನಮ್ಮ ಎತ್ತನ್ನು ಹೆಜ್ಜೆಹೆಜ್ಜೆಗೆ ಹನ್ನೊಂದು ಮಂದಿ ಕೆಡವಲು ಬರುವುದಿಲ್ಲ.

‘ಈಗ ಹೆಂಗದಾನ?’

ಆಗಸ್ಟ್ ಮೊದಲಿಂದ ಮೀನಗಂಡದಲ್ಲಿ ನೋವಂತೆ, ತಾಲೀಮಿಗೆ ಬಂದಿಲ್ಲ, ಆದರೆ ಮೊದಲ ಪಂದ್ಯಕ್ಕೆ ಬರುತ್ತಾನೆ ಎನ್ನುತ್ತಿದ್ದಾರೆ ಎಂದೆ.

ಕಾಕಾ ಬಾಯಿಂದ ಕರದಂಟು ತೆಗೆದು ಕೈಯಲ್ಲಿ ಹಿಡಿದರು. ವಿಷಯ ಗಂಭೀರವಾದಾಗ ಹಾಗೆ ಮಾಡುತ್ತಾರೆ. ‘ಯಾರು ಅಂತಾರ? ಮಾರಾವರ ಅಂತಾರ. ಮೀನಗಂಡ ಒಂದ ಕಾಲಿಂದ ಸುರುವಾಗಿ ಹಿಮ್ಮಡಕ್ಕ ಇಳಿತೈತಿ. ಹೆಗಲಮ್ಯಾಲ ಹೋದ ವರ್ಷದ ಜಡ್ಡು ಹಂಗ ಐತಿ. ಬ್ಯಾಡ.’

ಅಂಕಿಯ ಬಗ್ಗೆ ಅಳಿಯನ ವಾದವನ್ನು ನಾನು ಮುಂದಿಟ್ಟೆ. ಅವರೆಂದರು, ‘ಹೋದ ವರ್ಷದ ಜ್ವಾಳ ಈ ವರ್ಷ ಕಟಾವು ಮಾಡಾಕ ಬರ್ತೈತೇನೋ?’ ಅಲ್ಲಿಯ ಪಂಡಿತರೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತಾರೆಂದು ಆಮೇಲೆ ತಿಳಿಯಿತು. ಒಂದೇ ಹಂಗಾಮಿನಲ್ಲಿ 370 ಸಲ ಅಥವಾ ಅದಕ್ಕಿಂತ ಹೆಚ್ಚು ಚೆಂಡು ಹೊತ್ತವನು ಮರುವರ್ಷ ಬೀಳುತ್ತಾನೆ ಎಂಬ ನಂಬಿಕೆ ಅವರಲ್ಲೂ ಇದೆ. ಮೆಕ್‌ಕ್ಯಾಫ್ರಿ ಹೊತ್ತದ್ದು 272 ಸಲ, ಹಿಡಿದದ್ದು 67. ಅಂಕಿಯ ಪ್ರಕಾರ ಅವನಿಗೆ ಇನ್ನೂ ಜಾಗವಿತ್ತು. ಮೀನಗಂಡಕ್ಕೆ ಆ ಅಂಕಿ ತಿಳಿದಿರಲಿಲ್ಲ.

ಎರಡನೆಯವನು ಡೆರಿಕ್ ಹೆನ್ರಿ. ಆರಡಿ ದಾಟಿದ ಆಳು, ತೂಕ ನೂರಹತ್ತು ಕಿಲೋದ ಮೇಲೆ. ಫೋಟೋ ನೋಡಿಯೇ ಕಾಕಾ ‘ಖಿಲ್ಲಾರಿ!’ ಎಂದರು. ವಯಸ್ಸು ಮೂವತ್ತು ಎಂದಾಗ ಮುಖ ಸಪ್ಪಗಾಯಿತು. ‘ಬಾಯಿ ಗೂಡಿ ಎಷ್ಟೋ ದಿನಾತು. ಬ್ಯಾಡ.’

ಮೂರನೆಯವನು ಸೇಕ್ವಾನ್ ಬಾರ್ಕ್ಲಿ, 27. ಇವನ ತೊಡೆ ನೋಡಿ ಕಾಕಾ ಫೋಟೋ ಹಿಗ್ಗಿಸಲು ಹೇಳಿದರು. ಆದರೆ ಅದೇ ವರ್ಷ ನ್ಯೂಯಾರ್ಕ್ ಬಿಟ್ಟು ಫಿಲಡೆಲ್ಫಿಯಾಕ್ಕೆ ಬಂದವನು. ‘ಧಣಿ ಬದಲಾದ ಎತ್ತು ಒಂದು ವರ್ಷ ಮೇವು ಮುಟ್ಟೂದಿಲ್ಲ. ಬ್ಯಾಡ.’

ನಾಲ್ಕನೆಯವನು ಅಟ್ಲಾಂಟಾದ ಬಿಜಾನ್ ರಾಬಿನ್ಸನ್, 22. ಎರಡನೆಯ ವರ್ಷದ ಆಟ. ‘ನಾಕ್ ಹಲ್ಲು. ಹೆಗಲ ಇನ್ನೂ ಮೆತ್ತಗದಾವು. ಇದನ್ನ ಹಿಡಿ ಅನ್ನು.’

ಹೊರಡುವಾಗ ಬಾಗಿಲ ತನಕ ಬಂದು ಇನ್ನೊಂದು ಮಾತು ಹೇಳಿದರು. ಆ ಮೀನಗಂಡದವನನ್ನೇ ಕೊಳ್ಳುವ ಹಟವಿದ್ದರೆ ಅವನ ಜೋಡಿಯನ್ನೂ ಕಟ್ಟಿಕೊಳ್ಳಲಿ, ಒಂಟೆತ್ತು ತಂದವನು ಅರ್ಧ ಬೇಸಾಯಗಾರ. ಇದಕ್ಕೂ ಅಲ್ಲಿ ಹೆಸರಿದೆ. ತಾರೆಯ ಬದಲಿಗೆ ಬರುವ ಅದೇ ತಂಡದ ಎರಡನೆಯ ಓಟಗಾರನನ್ನೂ ಆರಿಸಿಕೊಳ್ಳುವುದಕ್ಕೆ ಬೇಡಿ ಹಾಕುವುದು ಎನ್ನುತ್ತಾರೆ. ನಾವು ಜೋಡಿ ಎಂದದ್ದನ್ನು ಅವರು ಕೈಬೇಡಿ ಎಂದಿದ್ದಾರೆ, ಒಂದೊಂದು ದೇಶದ ಸಂಸಾರ ಒಂದೊಂದು ಥರ.

ಅಳಿಯನಿಗೆ ಎಲ್ಲ ವರದಿ ಮಾಡಿದೆ. ‘ಅಜ್ಜಾರ ಹೇಳೂದು ಖರೆ ಮಾಮಾ, ಆದ್ರ ಡೇಟಾ ಬ್ಯಾರೇನ ಹೇಳತೈತಿ’ ಎಂದ. ಮೆಕ್‌ಕ್ಯಾಫ್ರಿಯನ್ನೇ ಆರಿಸಿದ. ಜೋಡಿ ಕಟ್ಟಲಿಲ್ಲ.

ಅವನ ಮೇಲೆ ನನಗೆ ಸಿಟ್ಟಿಲ್ಲ. ಇಂಥ ಸಂಗತಿ ನಮ್ಮ ಕಣ್ಣೆದುರೇ ನಡೆದಿದೆ. ಬೆಂಗಳೂರು ಬುಲ್ಸ್ ಕಬಡ್ಡಿ ತಂಡದಲ್ಲಿ ಪವನ್ ಸೆಹ್ರಾವತ್ ಇದ್ದನಲ್ಲ, 2019ರಲ್ಲಿ ಒಂದೇ ಪಂದ್ಯದಲ್ಲಿ ರೇಡಿನಿಂದಲೇ 39 ಅಂಕ ತಂದವನು. ಆ ರಾತ್ರಿ ನಾವೆಲ್ಲ ಟಿವಿ ಮುಂದೆ ಎದ್ದು ನಿಂತಿದ್ದೆವು. 2022ರ ಹರಾಜಿನಲ್ಲಿ ತಮಿಳು ತಲೈವಾಸ್‌ನವರು ಅವನನ್ನು ಎರಡು ಕೋಟಿ 26 ಲಕ್ಷಕ್ಕೆ ಕೊಂಡರು. ಆಗ ಅದಕ್ಕಿಂತ ದೊಡ್ಡ ಬೆಲೆ ಯಾರಿಗೂ ಬಂದಿರಲಿಲ್ಲ. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ ಅವನನ್ನು ಹೊತ್ತುಕೊಂಡು ಹೋದರು. ಆ ಹಂಗಾಮು ಮತ್ತೆ ಆಡಲಿಲ್ಲ. ಅವನ ಮೀನಗಂಡದಲ್ಲಿ ನೋವೂ ಇರಲಿಲ್ಲ, ಡಾಂಬರ್ ಮೇಲೆ ನಡೆಸಿದ್ದರೆ ನಾಲ್ಕು ಸಪ್ಪಳವೂ ಸರಿಯೇ ಬರುತ್ತಿತ್ತು. ಕೊಂಡವರನ್ನು ಯಾವ ಬಾಯಿಂದ ಬೈಯುವುದು?

ಸೆಪ್ಟೆಂಬರ್ 10ರ ಮುಂಜಾನೆ. ಮನೆಯಲ್ಲಿ ಗಣಪತಿ ಕೂತು ನಾಲ್ಕನೆಯ ದಿನ. ಇನ್ನೂ ಆರು ಗಂಟೆಯಾಗಿರಲಿಲ್ಲ, ಫೋನ್ ಹೊಡೆದುಕೊಂಡಿತು. ಅಲ್ಲಿ ಸೋಮವಾರ ರಾತ್ರಿ. ‘ಮಾಮಾ, ಅಂವ ಆಡವಲ್ಲ.’ ಪಂದ್ಯ ಸುರುವಾಗಲು ಒಂದೂವರೆ ತಾಸಿದ್ದಾಗ ಹೇಳಿದರಂತೆ. ಅವನ ಬದಲು ಇಳಿದ ಜೋರ್ಡನ್ ಮೇಸನ್ ಎಂಬವನು, ಅಳಿಯ ಕಟ್ಟಿಕೊಳ್ಳದ ಆ ಜೋಡಿ ಎತ್ತು, ಆವತ್ತೇ 147 ಗಜ ಓಡಿದ. ಮೆಕ್‌ಕ್ಯಾಫ್ರಿಯ ನೋವು ಮೀನಗಂಡದಿಂದ ಇಳಿದು ಎರಡೂ ಹಿಮ್ಮಡಿಯ ನರಕ್ಕೆ ಬಂದಿತ್ತು. ಔಷಧಕ್ಕೆ ಜರ್ಮನಿಗೆ ಹೋಗಿಬಂದ. ನವೆಂಬರಿನಲ್ಲಿ ಮರಳಿದವನು ಡಿಸೆಂಬರ್ 1ರಂದು ಬಫಲೋ ಎಂಬ ಊರಿನ ಹಿಮದಲ್ಲಿ ಮೊಣಕಾಲು ಕೆಡಿಸಿಕೊಂಡ. ಇಡೀ ಹಂಗಾಮಿಗೆ ಆಡಿದ್ದು ನಾಲ್ಕು ಪಂದ್ಯ. ಸುದ್ದಿ ಹೇಳಿದಾಗ ಕಾಕಾ, ‘ಊರ ಹೆಸರ ಎಮ್ಮಿ ಅಂತ ಗೊತ್ತಿದ್ದೂ ಎತ್ತು ಅಲ್ಯಾಕ ಹೋತು?’ ಎಂದರು.

ಅವರ ಗೆಲುವಿನ ನಗೆಯನ್ನು ಅಲ್ಲಿಗೇ ಬಿಡಬಹುದಿತ್ತು. ಆದರೆ ನಾನು ಮಾಸ್ತರ, ಉಳಿದ ಮೂರು ಉತ್ತರಪತ್ರಿಕೆಯನ್ನೂ ತಿದ್ದಬೇಕಲ್ಲ. ಅವರು ಹಿಡಿ ಎಂದ ಬಿಜಾನ್ 1,456 ಗಜ ಓಡಿದ. ಸರಿ. ಬಾಯಿ ಗೂಡಿದ ಮುದಿಯೆತ್ತೆಂದು ಬಿಟ್ಟ ಹೆನ್ರಿ, ಅವನೂ ಆ ವರ್ಷವೇ ತಂಡ ಬದಲಿಸಿದವನು, 1,921 ಗಜ ಓಡಿದ. ಮೇವು ಮುಟ್ಟುವುದಿಲ್ಲವೆಂದ ಬಾರ್ಕ್ಲಿ 2,005 ಗಜ ಓಡಿ, 2025ರ ಫೆಬ್ರವರಿ 9ರಂದು, ತನ್ನ ಹುಟ್ಟುಹಬ್ಬದ ದಿನವೇ, ಸೂಪರ್ ಬೌಲ್ ಎಂಬ ಅಂತಿಮ ಪಂದ್ಯ ಗೆದ್ದ ತಂಡದಲ್ಲಿದ್ದ. ನಾಲ್ಕರಲ್ಲಿ ಎರಡು ತಪ್ಪು. ನಮ್ಮ ಬೋರ್ಡಿನ ಪರೀಕ್ಷೆಯಲ್ಲಾದರೆ ಪಾಸು.

ಬಾರ್ಕ್ಲಿಯ ಒಂದು ವಿಡಿಯೋ ಅಳಿಯ ಕಳಿಸಿದ್ದ. ನವೆಂಬರಿನ ಒಂದು ಪಂದ್ಯ. ಚೆಂಡು ಹಿಡಿದು ಒಬ್ಬನನ್ನು ತಪ್ಪಿಸಿ ಗಿರ್ರನೆ ತಿರುಗುತ್ತಾನೆ, ಎದುರಾಳಿಗೆ ಬೆನ್ನು ಮಾಡಿ ನಿಂತಿದ್ದಾನೆ, ಹಿಂದಿನಿಂದ ಇನ್ನೊಬ್ಬ ಬಗ್ಗಿ ಕಾಲಿಗೆ ಬೀಳುತ್ತಾನೆ. ಇವನು ತಿರುಗಿ ನೋಡುವುದಿಲ್ಲ. ಬೆನ್ನು ಹಿಂದಾಗಿಯೇ ಜಿಗಿದು ಅವನ ತಲೆಯ ಮೇಲಿಂದ ದಾಟಿ, ಆಚೆ ನಿಂತು ಮುಂದೆ ಹೋಗುತ್ತಾನೆ. ಹಿಂದೆ ಬಗ್ಗಿದವನು ಕಾಣುವುದಾದರೂ ಹೇಗೆ? ಕಾಕಾ ಅದನ್ನು ಮೂರು ಸಲ ನೋಡಿದರು. ನಾಲ್ಕನೆಯ ಸಲ ಸಪ್ಪಳ ತೆಗೆಸಿ ನೋಡಿದರು. ಬಹಳ ಹೊತ್ತು ಮಾತಾಡಲಿಲ್ಲ.

ಆಮೇಲೆ ಕೇಳಿದರು: ‘ಮೊದಲಿನ ಧಣಿ ಯಾಕ ಬಿಟ್ಟ ಇವನ್ನ?’

ನ್ಯೂಯಾರ್ಕಿನವರ ತಂಡದಲ್ಲಿ ಮುಂದೆ ದಾರಿ ಮಾಡಿಕೊಡುವ ಐವರು ಗಟ್ಟಿಯಿರಲಿಲ್ಲ, ಫಿಲಡೆಲ್ಫಿಯಾದ ಐವರು ಗೋಡೆಯಂಥವರು ಎಂದೆ.

‘ಹಂಗನ್ನು. ಎರಿ ಹೊಲದಾಗ ಸಿಕ್ಕೊಂಡಿತ್ತು, ಮಸಾರಿಗೆ ಬಂತು. ಎತ್ತಿಂದೇನ ತಪ್ಪಿಲ್ಲ.’ ತಮ್ಮ ತಪ್ಪನ್ನು ಅವರು ಹೀಗೆ ಹೊಲದ ಮೇಲೆ ಹಾಕಿದರು. ಆದರೆ ಆ ಮಾತು ಸುಳ್ಳಲ್ಲ. ನಾವು ಓಟಗಾರನ ತೊಡೆ ನೋಡುತ್ತೇವೆ, ಹಲ್ಲು ನೋಡುತ್ತೇವೆ. ಅವನ ಮುಂದೆ ಬಗ್ಗಿ ನಿಂತು ದಾರಿ ಬಿಡಿಸುವ ಐದು ಮಂದಿಯ ಹೆಸರನ್ನು ಅಳಿಯನೂ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ, ಅವರಿಗೆ ಅಂಕವೂ ಇಲ್ಲ. ಹುಕ್ಕೇರಿಯ ನಮ್ಮ ಭಾವ ಮಾತ್ರ ಇದನ್ನು ಕೇಳಿ ತಲೆದೂಗಿದರು. ಅವರ ಊರಿಗೆ ಕರೆಂಟು ಕೊಡುವುದು 1969ರಿಂದ ರೈತರೇ ಶೇರು ಹಾಕಿ ನಡೆಸುತ್ತಿರುವ ಸಹಕಾರಿ ಸಂಘ. ಬಲ್ಬು ಉರಿದರೆ ಎಲ್ಲರೂ ಬಲ್ಬು ನೋಡುತ್ತಾರೆ, ಕಂಬ ಹತ್ತಿದವನನ್ನು ಯಾರು ನೋಡುತ್ತಾರೆ ಎಂದರು. ಭಾವ ಯಾವ ಮಾತನ್ನೂ ಆ ಸಂಘಕ್ಕೆ ತಂದು ಮುಟ್ಟಿಸದೆ ಬಿಡುವವರಲ್ಲ.

ಅಳಿಯ ಹನ್ನೆರಡರಲ್ಲಿ ಹನ್ನೆರಡನೆಯವನಾದ. ಅವರ ಆಟದಲ್ಲಿ ಕೊನೆಗೆ ಬಂದವನಿಗೆ ಶಿಕ್ಷೆಯಿರುತ್ತದೆ. ಹಗಲೂ ರಾತ್ರಿ ತೆರೆದಿರುವ ತಿಂಡಿಯ ಹೋಟೆಲಿನಲ್ಲಿ ಇಪ್ಪತ್ತನಾಲ್ಕು ತಾಸು ಕೂತಿರಬೇಕು. ಅಲ್ಲಿ ಸಿಗುವ ವಾಫಲ್ ಎಂಬ ಚೌಕಳಿ ದೋಸೆಯನ್ನು ಒಂದು ತಿಂದರೆ ಒಂದು ತಾಸು ಮಾಫಿ. ಒಂಬತ್ತು ತಿಂದು, ಹದಿನೈದು ತಾಸು ಕೂತು, ಮನೆಗೆ ಹೋಗಿ ಎರಡು ದಿನ ಮಜ್ಜಿಗೆ ಕುಡಿದನಂತೆ. ಅಕ್ಕ ಅತ್ತಳು. ಕಾಕಾರಿಗೆ ಮಾತ್ರ ತಿಳಿಯಲಿಲ್ಲ. ‘ಸೋತಂವಗ ದ್ವಾಸಿ ತಿನ್ನಿಸಿದ್ರ ಅದು ಶಿಕ್ಷೆ ಹೆಂಗಾತು? ಗೆದ್ದಂವಗ ಏನ ತಿನ್ನಿಸ್ತಾರ?’

ಈ ವರ್ಷ ಕಾಕಾರ ಎಡಗೋಲಿನ ಎತ್ತಿಗೆ ವಯಸ್ಸಾಯಿತು. ಟ್ರ್ಯಾಕ್ಟರ್ ಸಾಕು ಎಂದು ಎಲ್ಲರೂ ಹೇಳಿ ನೋಡಿದೆವು, ಕೇಳಲೊಲ್ಲರು. ಹುಕ್ಕೇರಿ, ಸಂಕೇಶ್ವರದ ಕಡೆ ಯಾರದಾದರೂ ನಾಲ್ಕು ಹಲ್ಲಿನ ಖಿಲ್ಲಾರಿ ಜೋಡಿ ಕೊಡುವುದಿದ್ದರೆ ನನಗೆ ತಿಳಿಸಿ. ಬೆಲೆ ಟಾವೆಲ್ಲಿನ ಕೆಳಗೇ ಆಗಲಿ, ನಾನು ಕೈ ಹಾಕುವುದಿಲ್ಲ. ಆದರೆ ಊರ ಬದಿಗೆ ಸ್ವಲ್ಪ ಡಾಂಬರ್ ರಸ್ತೆ ಇರಬೇಕು.